ದುಂಡವ್ವನ ಎರಡನೆಯ ಸೀನು

ಒಂದಾನೊಂದು ಊರಿನಲ್ಲಿ, ಅತ್ತ ಹೋದರೂ ಸಿಗುವ, ಇತ್ತ ಬಂದರೂ ಸಿಗುವ ಅತ್ತಿತ್ತೂರಿನಲ್ಲಿ, ದುಂಡವ್ವ ಎಂಬ ಹೆಣ್ಣುಮಗಳಿದ್ದಳು. "ನಿನ್ನ ಕೈಲೆ ಆಗೂದಿಲ್ಲ" ಎಂದು ಅವಳಿಗೆ ಹೇಳದವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ಮೊದಲು ಹೇಳಿದವನು ಮೈದುನ ಸಂಗನಬಸಪ್ಪ. ಗಂಡ ತೀರಿಕೊಂಡ ಮೇಲೆ ದುಂಡವ್ವ "ಖಾನಾವಳಿ ಇಡ್ತೀನಿ" ಅಂದಾಗ ಅವನು ಮೀಸೆಯ ಎರಡೂ ತುದಿ ಹಿಡಿದುಕೊಂಡು ನಕ್ಕ. "ಬಾಗಲಾಗ ಹಲಗಿ ತೂಗಹಾಕಿದ್ರ ಅದರ ಮ್ಯಾಲ ಏನು ಬರದೈತಿ ಅಂತ ನಿನಗ ಓದಾಕ ಬರಂಗಿಲ್ಲ. ನೀ ಏನು ಖಾನಾವಳಿ ನಡಸ್ತಿ?" ಆಮೇಲೆ ಒಲೆ ಹೇಳಿತು: "ನಾನಂತೂ ನಿನಗ ಹೊತ್ತಂಗಿಲ್ಲ." ಬೀಸುಕಲ್ಲೂ ಹೇಳಿತು. ಅದು ತಿರುಗುತ್ತಾ ಹೇಳಿದ್ದರಿಂದ ಅರ್ಧ ಮಾತು ಗೋಡೆಯ ಕಡೆಗೆ ಹೋಯಿತು, ಅರ್ಧವಷ್ಟೇ ಇವಳಿಗೆ ಕೇಳಿಸಿತು. ಬೆಕ್ಕು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆದರೆ ಅದರ ಬಾಲ ಹೇಳಿತು.

ದುಂಡವ್ವ ಹಟದವಳು. ಒಲೆ ಹೊತ್ತುವವರೆಗೂ ಊದಿದಳು. ಬೀಸುಕಲ್ಲನ್ನು ಉಲ್ಟಾ ತಿರುಗಿಸಿದಳು. ಅದು ಆಡಿದ ಮಾತನ್ನೆಲ್ಲ ವಾಪಸು ನುಂಗಿಕೊಂಡಿತು. ಬೆಕ್ಕಿನ ಬಾಲಕ್ಕೆ ಬೆನ್ನು ಮಾಡಿ ಕೂತಳು. ಇನ್ನು ಉಳಿದದ್ದು ಮೈದುನನ ಮಾತು. ಅದಕ್ಕೆ ಅವಳು ಓದು ಕಲಿತಳು.

ಹೇಗೆ ಕಲಿತಳು? ಪೊಟ್ಟಣಗಳಿಂದ ಕಲಿತಳು. ಅಂಗಡಿಯಿಂದ ಬಂದ ಸಾಸಿವೆ ಪೊಟ್ಟಣ ಬಿಚ್ಚುವಳು, ಸಾಸಿವೆ ಡಬ್ಬಿಗೆ ಸುರಿಯುವಳು, ಕಾಗದವನ್ನು ಮೊಣಕಾಲ ಮೇಲೆ ಹಾಸಿ ಸರಿಮಾಡುವಳು, ಅದರಲ್ಲಿ ಅಚ್ಚಾದ ಕತೆಯನ್ನು ಅಕ್ಷರ ಅಕ್ಷರ ಕೂಡಿಸಿ ಓದುವಳು. ಬೆಲ್ಲದ ಪೊಟ್ಟಣದ ಅಕ್ಷರಗಳು ನಾಲಿಗೆಗೆ ಅಂಟಿಕೊಳ್ಳುತ್ತಿದ್ದವು. ಖಾರಪುಡಿ ಪೊಟ್ಟಣದ ಅಕ್ಷರಗಳು ಕಣ್ಣಲ್ಲಿ ನೀರು ತರಿಸುತ್ತಿದ್ದವು, ಕತೆ ನಗೆಯದಾಗಿದ್ದರೂ. ಆದರೆ ಪೊಟ್ಟಣದ ಕತೆಗೆ ಒಂದು ಕೆಟ್ಟ ಚಾಳಿ. ರಾಜಕುಮಾರಿ ಬಾವಿಗೆ ಇಣುಕಿದಳು ಅನ್ನುವಲ್ಲಿಗೆ ಕಾಗದ ಹರಿದಿರುತ್ತಿತ್ತು.

ಆಗ ದುಂಡವ್ವ ಕಿಂಡಿಗೆ ಬಾಯಿ ಇಟ್ಟು ಕೂಗುತ್ತಿದ್ದಳು: "ಖಾಸಿಂಬೀ! ಬಾವ್ಯಾಗ ಏನಿತ್ತು?"

ಖಾಸಿಂಬಿ ಪಕ್ಕದ ಮನೆಯ ಮುದುಕಿ. ಅವಳ ಅಡುಗೆಮನೆಗೂ ಇವಳ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಗೋಡೆಯಲ್ಲಿ ಅಂಗೈ ಅಗಲದ ಒಂದು ಕಿಂಡಿ. ಕತೆಯ ಇನ್ನರ್ಧ ಖಾಸಿಂಬಿಯ ಉಪ್ಪಿನ ಪೊಟ್ಟಣದಲ್ಲಿ ಇದ್ದೇ ಇರುತ್ತಿತ್ತು. "ಬಾವ್ಯಾಗ ಕಪ್ಪಿ ಇತ್ತವ್ವ, ಅದರ ಹಿಂದ ಅದರ ಸಂಸಾರ ಇತ್ತು" ಎಂದು ಆಚೆಯಿಂದ ಉತ್ತರ ಬರುತ್ತಿತ್ತು. ಕಿಂಡಿಯಲ್ಲಿ ಮೊಸರಿನ ಹೆಪ್ಪು ಹೋಗುತ್ತಿತ್ತು, ಕೆಂಡ ಬರುತ್ತಿತ್ತು. ಕಡ್ಡಿಪೆಟ್ಟಿಗೆ ಹೋಗುತ್ತಿತ್ತು, ಬೈಗುಳ ಬರುತ್ತಿತ್ತು. ಒಮ್ಮೆ ಒಂದು ಕುಂಬಳಕಾಯಿಯೂ ಹೋಗಿತ್ತು. ಕುಂಬಳಕಾಯಿ ಉಸಿರು ಬಿಗಿಹಿಡಿದಿತ್ತು, ಅಷ್ಟೇ.

ಇನ್ನು ಸೀನಿನ ವಿಷಯ ಹೇಳಬೇಕು. ಒಂಟಿ ಸೀನು ಕೆಟ್ಟ ಶಕುನ, ಜೋಡಿ ಸೀನು ಒಳ್ಳೆಯದು ಎಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಹೊರಟವರಿಗೆ ಒಂದು ಸೀನು ಕೇಳಿಸಿದರೆ ಕೂತು ನೀರು ಕುಡಿಯಬೇಕು. ಎರಡನೆಯದು ಕೇಳಿಸಿದರೆ ಎದ್ದು ಹೋಗಬಹುದು. ದುಂಡವ್ವನ ಸೀನುಗಳು ಜೋಡಿಯಾಗಿಯೇ ಬರುತ್ತಿದ್ದವು. ಅವಳು ಅಡುಗೆಯ ರುಚಿ ನೋಡಿದವಳಲ್ಲ. ಅವಳ ಒಗ್ಗರಣೆ ನಡೆಯುತ್ತಿದ್ದದ್ದೇ ಸೀನಿನ ಮೇಲೆ. ಮೊದಲನೆಯ ಸೀನು ಬಂದರೆ ಸಾಸಿವೆ ಸಿಡಿಯಿತು, ಕರಿಬೇವು ಹಾಕು ಎಂದು ಅರ್ಥ. ಎರಡನೆಯದು ಬಂದರೆ ಮೆಣಸಿನಕಾಯಿ ಹದಕ್ಕೆ ಬಂತು, ಸೌಟು ಇಳಿಸು ಎಂದು ಅರ್ಥ.

ಮೊದಲನೆಯದಕ್ಕೆ ಕಿಂಡಿಯಾಚೆಯಿಂದ ಖಾಸಿಂಬಿ "ನೂರು ವರ್ಷ!" ಅನ್ನುವಳು. ಅದು ಕೇಳಿಸಿದ ಮೇಲೆಯೇ ಎರಡನೆಯದು ಬರುವುದು. ಎರಡನೆಯದಕ್ಕೆ "ಮ್ಯಾಲೊಂದು ಕೊಸರು!" ಅನ್ನುವಳು, ತರಕಾರಿಯವಳು ತೂಕದ ಮೇಲೆ ಒಂದು ಬದನೆಕಾಯಿ ಹಾಕಿದ ಹಾಗೆ. ಬೀದಿಯ ಜನ ಮೊದಲನೆಯ ಸೀನಿಗೆ ಇದ್ದಲ್ಲೇ ನಿಲ್ಲುವರು, ಎರಡನೆಯದಕ್ಕೆ ನೆಟ್ಟಗೆ ಖಾನಾವಳಿಯ ಒಳಗೆ ಬರುವರು. ಹಲಗೆಯೂ ಬೇಕಿರಲಿಲ್ಲ, ಗಂಟೆಯೂ ಬೇಕಿರಲಿಲ್ಲ.

ಎಂಥ ಕಾಲ ಅದು! ಸೀನಿದರೆ ಕೇಳುವವರಿದ್ದರು.

ಆಮೇಲೆ ಊರಿಗೆ ಮೊಬೈಲುಗಳು ಬಂದವು. ಹೇಗೆ ಬಂದವು? ಹಿಂಡು ಕಟ್ಟಿಕೊಂಡು ಬಂದವು ಎಂದು ಕೆಲವರು. ಆಲಿಕಲ್ಲಿನ ಹಾಗೆ ಬಿದ್ದವು ಎಂದು ಕೆಲವರು. ನಿಜವೇನೆಂದರೆ ದೊರೆ ಲಟಪಟರಾಯನೇ ಹಂಚಿಸಿದ. ಅವನಿಗೆ ಇದ್ದದ್ದು ಒಂದೇ ಚಿಂತೆ. ಬೆಳಿಗ್ಗೆ ಎದ್ದ ಕೂಡಲೇ ತನ್ನ ಮುಖದ ಚಿತ್ರವನ್ನು ಮೊಬೈಲಿನಲ್ಲಿ ಬಿಡುವನು. ಪ್ರಜೆಗಳೆಲ್ಲ ಅದಕ್ಕೊಂದು ಕೆಂಪು ಹೃದಯ ಕಳಿಸಬೇಕು. ಹೃದಯ ಬಂದ ಮೇಲೆ ಮುಖ ತೊಳೆಯುವನು. ಕಡಿಮೆ ಬಂದರೆ ಆ ದಿನ ಮುಖ ತೊಳೆಯುವುದೇ ಇಲ್ಲ.

ಮೊಬೈಲಿನ ಒಳಗೆ ಬೇರೆ ಬೇರೆ ದೊಡ್ಡ ಮನುಷ್ಯರು ಹುಟ್ಟಿಕೊಂಡರು. ಶುಭೋದಯದ ಶಂಕ್ರಪ್ಪ ಎಂಬವನಿದ್ದ. ದಿನ ಬೆಳಗಾದರೆ ಒಂದು ಗುಲಾಬಿ, ಎರಡು ಗಿಣಿ, ಒಂದು ಹನಿ ಇಬ್ಬನಿ ಇಟ್ಟು ಇಡೀ ದೇಶಕ್ಕೆ ಶುಭೋದಯ ಹೇಳುವನು. ಅವನು ಹೇಳದೆ ಬೆಳಗಾಗುವುದಿಲ್ಲ ಎಂದು ಜನ ನಂಬಿದರು. ಸೂರ್ಯನೂ ನಂಬಿದ, ಗುಡ್ಡದ ಹಿಂದೆ ಕಾಯುತ್ತಾ ಕೂಡುತ್ತಿದ್ದ. ಶಂಕ್ರಪ್ಪನ ಹೆಂಡತಿ ಮಾತ್ರ ಅವನ ಬೆನ್ನ ಹಿಂದೆ ಚಹಾ ಹಿಡಿದು ನಿಂತಿರುತ್ತಿದ್ದಳು. ಅವಳಿಗೆ ಶುಭೋದಯ ಹೇಳಲು ಅವನಿಗೆ ಪುರುಸೊತ್ತು ಇರಲಿಲ್ಲ. ಗೊರಕೆ ಗೌಡ ಎಂಬ ಇನ್ನೊಬ್ಬನಿದ್ದ. ಅವನು ನಿದ್ದೆ ಮಾಡುವುದನ್ನು ನೋಡುತ್ತಾ ಊರಿಗೆ ಊರೇ ನಿದ್ದೆಗೆಟ್ಟಿತ್ತು. ಒಂದು ದಿನ ಗೌಡನಿಗೆ ಎಚ್ಚರವಾಯಿತು. ಎಚ್ಚರವಿದ್ದ ಗೌಡ ಯಾರಿಗೂ ಬೇಡವಾದ. ಅವನು ಎಲ್ಲಿ ಹೋದ ಎಂದು ಕೇಳಿದವರೂ ಇಲ್ಲ.

ಖಾಸಿಂಬಿಗೂ ಒಂದು ಮೊಬೈಲು ಬಂತು. ಮೊಬೈಲಿಗೆ ನೆಟ್‌ವರ್ಕು ಬೇಕಲ್ಲ? ಅತ್ತಿತ್ತೂರಿನಲ್ಲಿ ಅದು ಎಲ್ಲೆಂದರಲ್ಲಿ ಸಿಗುತ್ತಿರಲಿಲ್ಲ. ಕೆಲವರಿಗೆ ಹುಣಸೆಮರದ ತುದಿಯಲ್ಲಿ ಸಿಗುತ್ತಿತ್ತು. ಒಬ್ಬನಿಗೆ ಎಮ್ಮೆಯ ಎರಡು ಕೊಂಬಿನ ನಡುವೆ ಸಿಗುತ್ತಿತ್ತು. ಎಮ್ಮೆ ಮೇಯಲು ಹೋದರೆ ಅವನೂ ಹೋಗಬೇಕು. ಖಾಸಿಂಬಿಯ ಮನೆಯಲ್ಲಿ ಅದು ಸಿಕ್ಕಿದ್ದು ಒಂದೇ ಜಾಗದಲ್ಲಿ.

ಕಿಂಡಿಯಲ್ಲಿ.

"ದುಂಡವ್ವಾ, ಒಂದು ಗಳಿಗಿ ಇಡ್ತೀನವ್ವ, ಆಮ್ಯಾಲ ತಗೀತೀನಿ" ಎಂದು ಖಾಸಿಂಬಿ ಮೊಬೈಲನ್ನು ಕಿಂಡಿಗೆ ತುರುಕಿದಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಅದರ ಮುಖ ಖಾಸಿಂಬಿಯ ಕಡೆ, ಬೆನ್ನು ದುಂಡವ್ವನ ಕಡೆ. ಗಳಿಗೆ ಮುಗಿಯಲೇ ಇಲ್ಲ.

ಮರುದಿನ ಶುಭೋದಯದ ಶಂಕ್ರಪ್ಪ ಖಾನಾವಳಿಗೆ ಊಟಕ್ಕೆ ಬಂದ. ಗುಲಾಬಿ ಹಳೆಯದಾಗಿತ್ತು, ಗಿಣಿಗಳಿಗೆ ಪುಕ್ಕ ಉದುರಿತ್ತು, ಅವನಿಗೆ ಹೊಸದೇನಾದರೂ ಬೇಕಿತ್ತು. "ಅಕ್ಕಾರ, ನೀವು ಒಗ್ಗರಣಿ ಕೊಡ್ರಿ, ನಾ ನಿಮ್ಮನ್ನ ಮೊಬೈಲಿನಾಗ ಹಿಡೀತೀನಿ" ಅಂದ.

"ಹಿಡಿದು ಏನು ಮಾಡ್ತಿ?"

"ದೇಶಾನ ನಿಮ್ಮನ್ನ ನೋಡ್ತೈತ್ರಿ."

"ನೋಡಲಿ ತಗೋ. ನಾ ಏನು ಕದ್ದು ಮಾಡಾಕ ಹತ್ತೀನಿ?" ಎಂದು ದುಂಡವ್ವ ಸೌಟನ್ನು ಒಲೆಯ ಮೇಲೆ ಇಟ್ಟಳು. ಎಣ್ಣೆ ಕಾಯಿತು. ಸಾಸಿವೆ ಸಿಡಿಯಿತು. ದುಂಡವ್ವ ಸೀನಿದಳು: "ಆಕ್ಷೀ!"

ಆಗ ಶಂಕ್ರಪ್ಪನ ಮೊಬೈಲು ತೇಗಿತು. "ಸಾಕು, ಹೊಟ್ಟಿ ತುಂಬೇತಿ. ಗುಲಾಬಿ, ಗಿಣಿ ಎಲ್ಲಾ ಒಳಗ ಅದಾವ" ಎಂದು ಬಾಯಿ ಮುಚ್ಚಿಕೊಂಡಿತು. ಒಂದು ಸೀನು ಒಳಗೆ ಹೋಯಿತು. ಒಂದೇ ಒಂದು.

ದುಂಡವ್ವ ಕರಿಬೇವು ಹಾಕಿ ಕಾದಳು. "ನೂರು ವರ್ಷ" ಬರಲಿಲ್ಲ. ಕಿಂಡಿಯ ಕಡೆ ನೋಡಿದಳು. ಮೊಬೈಲಿನ ಕಪ್ಪು ಬೆನ್ನು. "ನೂರು ವರ್ಷ" ಬಾರದೆ ಎರಡನೆಯ ಸೀನು ಹೇಗೆ ಬಂದೀತು? ಅದು ಮೂಗಿನ ಹೊಸಿಲವರೆಗೆ ಬಂದು, ಕರೆಯದ ಮನೆಗೆ ಬಂದ ನೆಂಟಳ ಹಾಗೆ ಅಲ್ಲೇ ನಿಂತುಬಿಟ್ಟಿತು. ಮೂಗು ಕಟ್ಟಿತು. ಮೆಣಸಿನಕಾಯಿ ಕಪ್ಪಾಯಿತು. ಶಂಕ್ರಪ್ಪ ಕೆಮ್ಮಿನ ಭರಕ್ಕೆ ಶಕುನವನ್ನೂ ಮರೆತು ಮನೆಗೆ ಹೋದ.

ಇತ್ತ ಆ ಮೊದಲ ಸೀನು ಒಂದು ಮೊಬೈಲಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಹೋಯಿತು. ಕೇಳಿದವರೆಲ್ಲ ಬೆಚ್ಚಿದರು. ಒಂಟಿ ಸೀನು! ಹೊರಟವರು ಕೂತರು. ನೀರು ಕುಡಿದರು. ಎರಡನೆಯದು ಬರಲಿ ಎಂದು ಕಾದರು. ಬರಲಿಲ್ಲ. ಮೊದಲ ಸಲ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಮತ್ತೆ ಹಾಕಿ ನೋಡಿದರು. ಮತ್ತೆ ಒಂಟಿ ಸೀನು! ಮತ್ತೆ ನೀರು ಕುಡಿದರು. ಮತ್ತೆ ಹಾಕಿದರು. ಹೀಗೆ ನೋಡಿದವರೇ ನೋಡಿ, ನೋಡಿದವರೇ ನೋಡಿ, ದುಂಡವ್ವನ ಸೀನಿನಷ್ಟು ಹೆಸರು ಮಾಡಿದವರು ಆ ದೇಶದಲ್ಲಿ ಹಿಂದೆ ಯಾರೂ ಇರಲಿಲ್ಲ. ಮದುವೆ ಗಂಡು ಕುದುರೆಯ ಪಕ್ಕ ಕೂತ. ಕುದುರೆಯೂ ಕೂತಿತು. ಅಂಚೆಯವನು ಕೂತ. ಕಳ್ಳನೊಬ್ಬ ಗೋಡೆಯ ಮೇಲೆ ಒಂದು ಕಾಲು ಅತ್ತ, ಒಂದು ಕಾಲು ಇತ್ತ ಹಾಕಿ ಕೂತ. ಮನೆಯವರು ಕೂತಲ್ಲಿಂದಲೇ ಅವನಿಗೂ ಒಂದು ಚೊಂಬು ನೀರು ಚಾಚಿದರು.

ಅಂದ ಮೇಲೆ ಖಾನಾವಳಿಗೆ ಯಾರು ಬರಬೇಕು? ಯಾರೂ ಬರಲಿಲ್ಲ. ದುಂಡವ್ವನಿಗೆ ಮಾತ್ರ ಓಡಾಡಲು ಅಡ್ಡಿ ಇರಲಿಲ್ಲ, ಏಕೆಂದರೆ ಸೀನಿದವರಿಗೆ ಅವರ ಸೀನು ಶಕುನವಲ್ಲ. ಆದರೆ ಮೂಗು ಕಟ್ಟಿತ್ತಲ್ಲ! ಬೇಳೆ ಸೀದರೂ ತಿಳಿಯದು, ಹಾಲು ಉಕ್ಕಿದರೂ ತಿಳಿಯದು. ಒಲೆ ಆರಿತು. "ನಾ ಮೊದಲೇ ಹೇಳಿದ್ದೆ" ಎಂದು ಒಲೆ ಪಿಸುಗುಟ್ಟಿತು.

ಆಗ ಸಂಗನಬಸಪ್ಪ ಬಂದ. ಎದ್ದು ನಡೆಯುವ ಹಾಗಿರಲಿಲ್ಲವಾದ್ದರಿಂದ ಕೂತಲ್ಲೇ ತೆವಳುತ್ತಾ ಬಂದ. ಶಕುನ ಎದ್ದು ಹೋಗಬೇಡ ಅನ್ನುತ್ತದೆಯೇ ಹೊರತು ತೆವಳಬೇಡ ಅನ್ನುವುದಿಲ್ಲ.

"ವೈನಿ, ನಾ ಅಂದಿರಲಿಲ್ಲೇನು? ಒಲಿ ಆರಿದ ಖಾನಾವಳಿ ಎಲ್ಲಿ ಖಾನಾವಳಿ? ಜಾಗಾ ನಮ್ಮಣ್ಣಂದು. ಬಿಟ್ಟುಕೊಡು. ಇಲ್ಲಿ ನಾ ಮೊಬೈಲಿನ ಅಂಗಡಿ ಇಡ್ತೀನಿ."

"ಒಲಿ ಆರಿಲ್ಲೋ ಮಾರಾಯಾ, ಮಲಗೇತಿ" ಅಂದಳು ದುಂಡವ್ವ. ಕಟ್ಟಿದ ಮೂಗಿನಿಂದ ದನಿ ಗಡಿಗೆಯೊಳಗಿಂದ ಬಂದ ಹಾಗೆ ಬಂತು. "ನಾಳೆ ಊಟದ ಹೊತ್ತಿಗೆ ಎದ್ದಿರತೈತಿ. ಏಳದಿದ್ದರ ಕೀಲಿಕೈ ನಿಂದು."

ಹಟಕ್ಕೆ ಬಿದ್ದು ಆಡಿದ ಮಾತು.

ದುಂಡವ್ವ ಬೀದಿ ಸುತ್ತಿ ಖಾಸಿಂಬಿಯ ಬಾಗಿಲಿಗೆ ಹೋದಳು. ಆ ಮನೆ ರೈಲಿನಷ್ಟು ಉದ್ದ. ಬಾಗಿಲು ಒಂದು ತುದಿಗೆ, ಅಡುಗೆಮನೆ ಇನ್ನೊಂದು ತುದಿಗೆ. "ಖಾಸಿಂಬೀ!" ಎಂದು ಕೂಗಿದಳು.

"ಯಾರವ್ವ ಅದು?" ಎಂದು ದೂರದಿಂದ ದನಿ ಬಂತು.

"ನಾನು, ದುಂಡವ್ವ!"

"ಹೋಗs! ದುಂಡವ್ವನ ದನಿ ನನಗ ಗೊತ್ತಿಲ್ಲೇನು? ಇದು ಗಡಿಗಿ ದನಿ. ಮುಂದ ಹೋಗವ್ವ. ಒಂದs ಸೀನಾಗೇತಿ, ನಾ ಏಳೂಹಂಗಿಲ್ಲ."

ಕರೆದರೂ ಬಾರದವರನ್ನು ಎರಡನೆಯ ಸಲ ಕರೆಯುವವಳಲ್ಲ ದುಂಡವ್ವ. "ಆತು ಬಿಡು. ಮೊಬೈಲು ಬಂದ ಮ್ಯಾಲ ನಾ ಯಾಕ ಬೇಕು?" ಎಂದು ಸೆರಗು ಬಿಗಿದು ವಾಪಸು ಬಂದಳು. ಬರುವ ದಾರಿಯಲ್ಲಿ ಒಂದು ಪಲ್ಲಕ್ಕಿ ಎದುರಾಯಿತು. ಹೊರುವವರು ತೆವಳುತ್ತಿದ್ದರು. ಪಲ್ಲಕ್ಕಿಯಲ್ಲಿ ಯಾರು? ಅವಳ ಮೊದಲ ಸೀನು! ಮೊಬೈಲೆಂಬ ಗಾಜಿನ ಪೆಟ್ಟಿಗೆಯೊಳಗೆ, ಕೊರಳಿಗೆ ಮಫ್ಲರು ಸುತ್ತಿಕೊಂಡು, ಜರಿ ಟೊಪ್ಪಿಗೆ ಹಾಕಿಕೊಂಡು ಕೂತಿತ್ತು. ಬಟ್ಟೆ ಅಂಗಡಿಯ ಬಾಗಿಲು ತೆರೆಯಲು ಅದನ್ನು ಕರೆದೊಯ್ಯುತ್ತಿದ್ದರು.

"ಏ ಸೀನೇ! ಇಳಿ ಕೆಳಗ, ಮನಿಗೆ ನಡಿ!" ಎಂದು ದುಂಡವ್ವ ಗದರಿದಳು.

"ಯಾರು ನೀವು? ಮೊದಲು ತಿಳಿಸಿ ಬರಬೇಕು" ಅಂದಿತು ಸೀನು.

"ಆಹಾಹಾ! ನಾನು ನಿನ್ನ ಮೂಗು. ನಿನ್ನ ತಂಗಿ ಇನ್ನೂ ನನ್ನ ಹೊಸಿಲ ಮ್ಯಾಲ ನಿಂತಾಳ."

ತಂಗಿ ಅಂದದ್ದೇ ತಡ, ಸೀನಿನ ಟೊಪ್ಪಿಗೆ ಜಾರಿತು. "ಯವ್ವಾ" ಅಂದಿತು ಸಣ್ಣ ದನಿಯಲ್ಲಿ. "ನನ್ನಿಂದ ಬರೂದಾಗೂದಿಲ್ಲ. ಇದರೊಳಗ ಬಂದದ್ದು ಹೊರಗ ಹೋಗೂದಿಲ್ಲ, ಹಂಗೈತಿ ಇಲ್ಲಿ ರಿವಾಜು. ಎಲ್ಲಾರೂ ನನ್ನ ನೋಡ್ತಾರ. ಹೃದಯ ಕಳಸ್ತಾರ. ರಾಶಿ ಬಿದ್ದಾವ, ಕಾಲಿಡಾಕ ಜಾಗಾ ಇಲ್ಲ. ಆದರ ನೂರು ವರ್ಷ ಅಂತ ಯಾರೂ ಅನ್ನಂಗಿಲ್ಲ. ಅನ್ನಲಿಲ್ಲ ಅಂದ್ರ ನನ್ನ ಆಯುಷ್ಯ ಎಷ್ಟರದು? ಗೊರಕಿ ಗೌಡನ ಹಂಗ ಹೋಗಬೇಕಾದಾಕಿ ನಾನು. ಯಾವುದೋ ಒಂದು ಮನ್ಯಾಗ, ಯಾವ ಮನಿಯೋ ಗೊತ್ತಿಲ್ಲ, ಒಬ್ಬಾಕಿ ಮುದುಕಿ ಏನೋ ಅಂದಂಗ ಕೇಳಸ್ತೈತಿ. ಅದರ ಮ್ಯಾಲs ಜೀವಾ ಹಿಡದೀನಿ. ನೀನರ ಒಮ್ಮೆ ಅಂದುಬಿಡs."

ದುಂಡವ್ವನಿಗೆ ಸಿಟ್ಟಿತ್ತು. ಸಿಟ್ಟು ಇರುವಾಗ ಆಶೀರ್ವಾದ ಬಾಯಿಗೆ ಬರುವುದಿಲ್ಲ. "ಜರಿ ಟೊಪಗಿ ಹಾಕ್ಕೊಂಡಿಯಲ್ಲ, ಅದನ್ನs ಕೇಳು" ಎಂದು ಮುಂದೆ ನಡೆದಳು. ಪಲ್ಲಕ್ಕಿ ತೆವಳುತ್ತಾ ಹೋಯಿತು. ಅವಳು ತಿರುಗಿ ನೋಡಲಿಲ್ಲ. ಆದರೆ ಬೀದಿಯ ತಿರುವಿನವರೆಗೂ ಅವಳ ಕಿವಿ ಹಿಂದಕ್ಕೆ ತಿರುಗಿಕೊಂಡೇ ಇತ್ತು.

ಮನೆಗೆ ಬಂದರೆ ದೊರೆಯ ಬಂಟರು ತೆವಳಿಕೊಂಡು ಬಂದು ಕೂತಿದ್ದರು. "ದೊರೆಗಳು ಕರೀತಾರ."

ಲಟಪಟರಾಯ ಅರಮನೆಯ ಹೊಸಿಲ ಮೇಲೆ, ಒಂದು ಕಾಲಿಗೆ ಜೋಡು ಹಾಕಿಕೊಂಡು, ಒಂದು ಬರಿಗಾಲು ಗಾಳಿಯಲ್ಲಿ ಹಿಡಿದುಕೊಂಡು ಕೂತಿದ್ದ. ಮುಖ ತೊಳೆದಿರಲಿಲ್ಲ. ಹೃದಯಗಳೆಲ್ಲ ಸೀನಿಗೆ ಹೋಗುತ್ತಿದ್ದವು, ಅವನಿಗೆ ಒಂದೂ ಬರುತ್ತಿರಲಿಲ್ಲ.

"ಏ ಹೆಣ್ಣುಮಗಳೇ, ನಿನ್ನ ಹತ್ತಿರ ಎರಡನೆಯದು ಇದೆಯಂತೆ?"

"ಐತ್ರಿ."

"ನನ್ನ ಮೊಬೈಲಿನೊಳಗೆ ಸೀನು. ನನ್ನ ಮುಖದ ಪಕ್ಕ ಅದನ್ನು ಇಟ್ಟು ದೇಶಕ್ಕೆ ಬಿಡುತ್ತೇನೆ. ದೇಶ ಎದ್ದು ನಿಲ್ಲುತ್ತದೆ. ಹೃದಯಗಳೆಲ್ಲ ನನಗೆ. ನಿನಗೆ ಅರ್ಧ ರಾಜ್ಯ."

"ಯಾವ ಅರ್ಧರಿ?"

"ಬಲಗಡೆಯದು. ಎಡಗಡೆ ನಾನು ಮಲಗುತ್ತೇನೆ."

ಅರ್ಧ ರಾಜ್ಯ! ಮೈದುನನ ಮುಖ ಆಗ ನೋಡಬೇಕು ಎಂದು ದುಂಡವ್ವನಿಗೆ ಆಸೆಯಾಗಲಿಲ್ಲ ಅಂದರೆ ಸುಳ್ಳು. ನಶ್ಯ ಏರಿಸಿದಳು. ಕರಿಮೆಣಸು ಮೂಸಿದಳು. ನವಿಲುಗರಿಯಿಂದ ಮೂಗು ಕೆದಕಿಸಿದಳು. ಸೀನು ಹೊಸಿಲು ಬಿಟ್ಟು ಕದಲಲಿಲ್ಲ. ದೊರೆ "ನೂರು ವರ್ಷ!" ಎಂದು ಗುಡುಗಿದ.

ಆಗ ದುಂಡವ್ವನ ಮೂಗೇ ಮಾತಾಡಿತು. "ಇದು ಹುಕುಂ ಆತ್ರಿ ದೊರಿ. ನನಗ ಹರಕಿ ಬೇಕು. ಅದೂ ಕಿಂಡಿಯಿಂದ ಬರೂ ದನಿ ಬೇಕು. ಬ್ಯಾರೇ ದನಿಗೆ ನಾ ಬಾಗಲಾ ತಗಿಯಂಗಿಲ್ಲ."

"ಹಾಗಾದರೆ ಕಿಂಡಿಗೆ ನಡೆಯಿರಿ!" ಎಂದ ದೊರೆ. ಬಂಟರು ಉದ್ದನೆಯ ಕೋಲಿನ ತುದಿಗೆ ದೊರೆಯ ಮೊಬೈಲನ್ನು ಕಟ್ಟಿಕೊಂಡು ದುಂಡವ್ವನ ಹಿಂದೆ ತೆವಳಿದರು. ಕಳ್ಳನ ಗೋಡೆ ದಾಟಿ, ಮದುವೆ ಗಂಡಿನ ಕುದುರೆ ದಾಟಿ ಅಡುಗೆಮನೆಗೆ ಬಂದರು. ಆಗಲೇ ಮರುದಿನದ ಊಟದ ಹೊತ್ತು ಹತ್ತಿರ ಬಂದಿತ್ತು. ಸಂಗನಬಸಪ್ಪ ಹಿತ್ತಲ ಬಾಗಿಲಲ್ಲಿ ಕೀಲಿಕೈಗೆ ಅಂಗೈ ಒಡ್ಡಿ ಕೂತಿದ್ದ.

ದುಂಡವ್ವ ಕಿಂಡಿಯ ಮೊಬೈಲಿನ ಬೆನ್ನು ತಟ್ಟಿದಳು. "ಏ ಮಾರಾಯಾ, ಹೊರಗ ಬಾ."

"ಬರಂಗಿಲ್ಲ" ಅಂದಿತು ಮೊಬೈಲು, ಬೆನ್ನು ತಿರುಗಿಸದೆ. "ಇಡೀ ಮನ್ಯಾಗ ನನಗ ಉಸರಾಡಾಕ ಇದೊಂದs ಜಾಗಾ."

"ಏನು ಕೊಟ್ಟರ ಬರ್ತಿ?"

ಮೊಬೈಲು ನಾಚಿಕೊಂಡು ಹೇಳಿತು: "ಊಟ."

"ಊಟ?"

"ಎಲ್ಲಾರೂ ತಾಟು ಬಡಿಸಿಕೊಂಡು ಮೊದಲು ನಮಗ ತೋರಸ್ತಾರ. ಆಮ್ಯಾಲ ತಾವs ಉಣ್ತಾರ. ದೇವರಿಗಾದರೂ ಒಂದು ಹೂವಾ ಏರಸ್ತಾರ, ನಮಗ ಅದೂ ಇಲ್ಲ. ಎಷ್ಟು ಊಟಾ ನೋಡೀನಿ! ಒಂದು ತುತ್ತು ಯಾರೂ ಹಾಕಲಿಲ್ಲ. ಒಗ್ಗರಣಿ ಹಾಕಿದ ಬಿಸಿ ಊಟಾ ಹಾಕು, ಇಳೀತೀನಿ."

ದುಂಡವ್ವ ತಲೆಯ ಮೇಲೆ ಕೈ ಹೊತ್ತು ಕೂತಳು. ಏಕೆಂದರೆ, ಲೆಕ್ಕ ಹಾಕಿ ನೋಡಿ: ಕಿಂಡಿ ಬಿಡಲು ಮೊಬೈಲಿಗೆ ಊಟ ಬೇಕು. ಊಟಕ್ಕೆ ಒಗ್ಗರಣೆ ಬೇಕು. ಒಗ್ಗರಣೆಗೆ ಸೀನು ಬೇಕು. ಸೀನಿಗೆ ಖಾಸಿಂಬಿಯ ದನಿ ಬೇಕು. ಖಾಸಿಂಬಿಯ ದನಿಗೆ ಕಿಂಡಿ ಬೇಕು. ಕಿಂಡಿಯಲ್ಲಿ ಮೊಬೈಲು ಇದೆ.

"ಆಗೂದಿಲ್ಲ" ಅಂದ ಸಂಗನಬಸಪ್ಪ.

"ಆಗೂದಿಲ್ಲ" ಅಂದಿತು ಒಲೆ. ಬೀಸುಕಲ್ಲು ತಿರುಗದೇ ಅಂದಿತು. ಬೆಕ್ಕಿನ ಬಾಲವೂ ಎದ್ದು ನಿಂತಿತು.

ಅಷ್ಟು ಮಂದಿ ಆಗುವುದಿಲ್ಲ ಅಂದ ಮೇಲೆ ದುಂಡವ್ವ ಕೂತಿರುವುದುಂಟೆ? ಎದ್ದಳು. ಒಲೆಗೆ ಊದಿದಳು. ಒಲೆ ಹೊತ್ತುವುದಿಲ್ಲ ಅಂದಿತು, ಅವಳು ಊದಿದಳು. ಹೊತ್ತುವುದಿಲ್ಲ ಅಂದಿತು, ಊದಿದಳು. ಅನ್ನಲು ಬಾಯಿ ತೆರೆದಾಗ ಒಳಗೆ ಕಿಡಿ ಹೋಯಿತು, ಹೊತ್ತಿತು. ಮೂಗಿಲ್ಲದ ಅಡುಗೆ. ಸಾಸಿವೆಯನ್ನು ಕಿವಿಯಿಂದ ಕೇಳಿ ತಿಳಿದಳು. ರೊಟ್ಟಿಯನ್ನು ಅಂಗೈಯಿಂದ ಮುಟ್ಟಿ ತಿಳಿದಳು. ಮೆಣಸಿನಕಾಯಿ ಮಾತ್ರ ಹದಕ್ಕೆ ಬಂದದ್ದು ತಿಳಿಯಲಿಲ್ಲ, ಕಪ್ಪಾಯಿತು. ಸಾರು ಸೀದಿತ್ತು. ಇಷ್ಟು ವರ್ಷದಲ್ಲಿ ಅವಳ ಕೈಯಿಂದ ಅಂಥ ಸಾರು ಇಳಿದಿರಲಿಲ್ಲ. ನಾಚಿಕೆಯಿಂದ ಮುಖ ಕೆಂಪಾಗಿ, ರೊಟ್ಟಿ ಮುರಿದು, ಸಾರಿನಲ್ಲಿ ಅದ್ದಿ, ಮೊಬೈಲಿನ ಕೆಳಗಿನ ಸಣ್ಣ ತೂತಿಗೆ ತುತ್ತು ಇಟ್ಟಳು.

ಮೊಬೈಲು ಅಗಿಯಿತು. ನುಂಗಿತು. ಕಣ್ಣೀರು ಹಾಕಿತು.

"ಅಮೃತ! ಅಮೃತ ಇದು!"

ಹುಟ್ಟಿದಾಗಿನಿಂದ ಊಟ ಮಾಡದವರಿಗೆ ಸೀದದ್ದೇನು ಗೊತ್ತು? ಮತ್ತೊಂದು ತುತ್ತು ಉಂಡಿತು. ಮತ್ತೊಂದು. ಬಟ್ಟಲು ನೆಕ್ಕಿತು. ಒಂದು ಸಲ ತೇಗಿ, ಕಣ್ಣು ಎಳೆದುಕೊಂಡು ಬಂದು, ಬೆಳಕು ಆರಿಸಿಕೊಂಡು, ಹೊಟ್ಟೆ ತುಂಬಿದ ಕೂಸಿನ ಹಾಗೆ ದುಂಡವ್ವನ ಮಡಿಲಿಗೆ ಜಾರಿ ಬಿತ್ತು. ಗೊರಕೆ ಹೊಡೆಯಿತು.

ಕಿಂಡಿ ತೆರೆಯಿತು.

ಕಿಂಡಿಯಾಚೆ ಒಂದು ಕಣ್ಣು. ಅಳುವ ಕಣ್ಣು.

"ಅಯ್ಯ, ಎಲ್ಲಿ ಹೋತವ್ವ?" ಅನ್ನುತ್ತಿದ್ದಳು ಖಾಸಿಂಬಿ. "ಈಗರ ಇತ್ತಲ್ಲ! ಇನ್ನೊಂದು ಸೀನು ಬರೂದಿತ್ತಲ್ಲ! ದುಂಡವ್ವಗ ನಾ ಕೊಸರು ಹಾಕೂದು ಬಾಕಿ ಐತಲ್ಲ!"

"ಯಾರಿಗೆ ಹಾಕ್ತಿದ್ದಿ ಖಾಸಿಂಬೀ?"

ಕಣ್ಣು ಪಿಳಿಪಿಳಿ ಅಂದಿತು. "ಯವ್ವಾ! ದುಂಡವ್ವಾ! ನೀ ಇಲ್ಲೇ ಅದಿಯೇನs? ನೀ ಅದರೊಳಗ ಹೋಗಿ ಅಂತ ಮಾಡಿದ್ದೆ ನಾನು! ಕೂತs ಕೂತೀನಿ, ಊಟಾ ಇಲ್ಲ, ನಿದ್ದಿ ಇಲ್ಲ. ನೀ ಅದರಾಗ ಸೀನಿದಾಗೊಮ್ಮೆ ನೂರು ವರ್ಷ, ನೂರು ವರ್ಷ ಅಂತ ಅಂದs ಅಂದೀನಿ. ನನ್ನ ಗಂಟಲಾ ನೋಡು, ಹರದು ಹೋಗೇತಿ. ಒಂದು ಸರ್ತಿನೂ ನೀ ಎರಡನೇದು ಸೀನಲಿಲ್ಲ! ಯಾಕ ಸಿಟ್ಟಾಗಿದ್ದಿ?"

ದುಂಡವ್ವನಿಗೆ ಪಲ್ಲಕ್ಕಿಯ ಸೀನು ಹೇಳಿದ್ದು ನೆನಪಾಯಿತು. ಯಾವುದೋ ಒಂದು ಮನೆ. ಯಾರೋ ಒಬ್ಬಾಕಿ ಮುದುಕಿ. ಗೋಡೆಯ ಆಚೆ ಅವಳು ಆಶೀರ್ವಾದ ಮಾಡುತ್ತಲೇ ಇದ್ದಳು. ಗೋಡೆಯ ಈಚೆ ಇವಳು ಕಾಯುತ್ತಲೇ ಇದ್ದಳು. ನಡುವೆ ಒಂದು ಮೊಬೈಲಿನ ದಪ್ಪ.

"ಬಂದಿದ್ದೆನs ನಿನ್ನ ಬಾಗಲಕ" ಅಂದಳು ದುಂಡವ್ವ. "ಗಡಿಗಿ ದನಿ ಅಂದಿ."

"ಮೂಗು ಕಟ್ಟಿತ್ತೇನು?"

"ನೀ ಅನ್ನದs ಅದು ಬಿಡೂದಿಲ್ಲ ಅಂತ ನಿನಗ ಗೊತ್ತಿಲ್ಲೇನು?"

ಸೀದ ಮೆಣಸಿನಕಾಯಿಯ ಹೊಗೆ ಮೆಲ್ಲಗೆ ಎದ್ದಿತು. ಕಿಂಡಿಯಾಚೆ ಖಾಸಿಂಬಿ ಒಡೆದ ಗಂಟಲು ಸರಿಮಾಡಿಕೊಂಡಳು.

"ನೂರು ವರ್ಷ" ಅಂದಳು.

ಹೊಸಿಲ ಮೇಲಿನ ಸೀನು ಒಳಗೆ ಕಾಲಿಟ್ಟಿತು. ದುಂಡವ್ವನ ಮೂಗು ಅರಳಿತು, ಕಣ್ಣು ಮುಚ್ಚಿತು, ತಲೆ ಹಿಂದಕ್ಕೆ ಹೋಯಿತು. "ಕೋಲು! ಕೋಲು!" ಎಂದು ಬಂಟರು ದೊರೆಯ ಮೊಬೈಲನ್ನು ಅವಳ ಮುಖದ ಮುಂದೆ ಚಾಚಿದರು. ಅರ್ಧ ರಾಜ್ಯ ಕೋಲಿನ ತುದಿಯಲ್ಲಿ ತೂಗಾಡಿತು. ಬಲಗಡೆಯ ಅರ್ಧ. ಅದರ ಕೆರೆಗಳು, ಅದರ ಕೋಟೆ, ಅದರ ಒಳಗೆ ಬಂದದ್ದು ಹೊರಗೆ ಹೋಗದ ಗಾಜಿನ ಪೆಟ್ಟಿಗೆ.

ದುಂಡವ್ವ ಮುಖ ಕಿಂಡಿಗೆ ತಿರುಗಿಸಿ ಸೀನಿದಳು.

"ಆಕ್ಷೀ!"

ಎಂಥ ಸೀನು ಅದು! ತಡೆದು ತಡೆದು ಬಲಿತ ಸೀನು. ಬೆಕ್ಕು ಮಾಡಿನ ಮೇಲೆ ಹೋಯಿತು. ಬೀಸುಕಲ್ಲು ತಾನೇ ಮೂರು ಸುತ್ತು ತಿರುಗಿತು. ಬಂಟರ ಕೋಲು ಮುರಿಯಿತು. ಬೀದಿಯವರೆಗೆ ಕೇಳಿಸಿತು. ಮದುವೆ ಗಂಡು ಕುದುರೆ ಏರಿದ. ಕಳ್ಳ ಇತ್ತ ಕಡೆಗೆ ಇಳಿದು, ಚೊಂಬು ವಾಪಸು ಕೊಟ್ಟು, ನಮಸ್ಕಾರ ಮಾಡಿ ಹೋದ. ಎದ್ದವರೆಲ್ಲ ಹಸಿದಿದ್ದರು. ನೆಟ್ಟಗೆ ಖಾನಾವಳಿಗೆ ಬಂದರು. ಸಂಗನಬಸಪ್ಪನೂ ಎದ್ದು ನಿಂತ. ಜನ ನುಗ್ಗಿದ ರಭಸಕ್ಕೆ ಪಂಕ್ತಿಯಲ್ಲಿ ಕೂತುಬಿಟ್ಟ. ಎಲೆ ಹಾಕಿದರು, ಉಂಡ. ಕೀಲಿಕೈಯ ಮಾತು ರೊಟ್ಟಿಯ ಜೊತೆ ಒಳಗೆ ಹೋಯಿತು.

"ಮ್ಯಾಲೊಂದು ಕೊಸರು!" ಎಂದು ಖಾಸಿಂಬಿ ಕೂಗಿದ್ದು ಆ ಗದ್ದಲದಲ್ಲಿ ದುಂಡವ್ವ ಒಬ್ಬಳಿಗೇ ಕೇಳಿಸಿತು. ಅದು ಅವಳಿಗೇ ಕೇಳಿಸಬೇಕಾದದ್ದು.

ಅರಮನೆ ದೂರ. ಅಲ್ಲಿಗೆ ಸೀನು ಕೇಳಿಸಲಿಲ್ಲ. ಮೊಬೈಲಿನಲ್ಲಿ ಅದು ಹೋಗಲೂ ಇಲ್ಲ. ಹಾಗಾಗಿ ಲಟಪಟರಾಯ ಈಗಲೂ ಒಂದು ಕಾಲಿಗೆ ಜೋಡು ಹಾಕಿಕೊಂಡು ಹೊಸಿಲ ಮೇಲೆ ಕೂತಿದ್ದಾನೆ. ದೂರದೂರದ ಊರಿನವರೂ ಕೂತಿದ್ದಾರೆ. ನೀವು ಎಲ್ಲಿಯಾದರೂ, ಬಸ್ ಸ್ಟ್ಯಾಂಡಿನಲ್ಲಿಯೋ, ಮದುವೆ ಮಂಟಪದಲ್ಲಿಯೋ, ಮೊಬೈಲಿಗೆ ಮುಖ ಇಟ್ಟು, ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟುಕೊಂಡು, ಕರೆದರೂ ಏಳದೆ ಕೂತವರನ್ನು ಕಂಡರೆ ಬೈಯಬೇಡಿ. ಪಾಪ, ಅವರು ಎರಡನೆಯ ಸೀನಿಗೆ ಕಾಯುತ್ತಿದ್ದಾರೆ.

ಈ ಕತೆಗೆ ನೀತಿ ಬೇಕು ಅನ್ನುವವರಿಗೆ ಒಂದು ನೀತಿ: ಸೀನುವ ಮೊದಲು ಮುಖ ಯಾರ ಕಡೆಗೆ ತಿರುಗಿಸಬೇಕು ಎಂದು ಯೋಚಿಸಿಡಿ. ಸೀನು ಬಂದ ಮೇಲೆ ಯೋಚಿಸಲು ಆಗುವುದಿಲ್ಲ.

ಇನ್ನು ದುಂಡವ್ವ. ಮೊದಲನೆಯದು ಗಾಜಿನ ಪೆಟ್ಟಿಗೆಯಲ್ಲೇ ಉಳಿಯಿತು, ಈಗ ಅವಳಿಗೆ ಒಂದೇ ಸೀನು ಬರುತ್ತದೆ. ಅದು ಎರಡನೆಯದು ಎಂದು ಊರಿನವರಿಗೆ ಗೊತ್ತು, ಎದ್ದು ಊಟಕ್ಕೆ ಬರುತ್ತಾರೆ. ಪರ ಊರಿನವರು ಒಂಟಿ ಸೀನು ಎಂದು ಬೆಚ್ಚಿ ಅಲ್ಲೇ ಕೂಡುತ್ತಾರೆ. ಕೂತವರಿಗೆ ಅವಳು ನೀರು ಕೊಡುತ್ತಾಳೆ, ನೀರು ಕುಡಿದವರಿಗೆ ಎಲೆ ಹಾಕುತ್ತಾಳೆ. ಎಲೆ ಹಾಕಿದ ಮೇಲೆ ಏಳುವುದು ಹೇಗೆ? ಉಂಡು ಹೋಗುತ್ತಾರೆ. ಕರಿಬೇವು ಯಾವಾಗ ಹಾಕಬೇಕು ಎಂಬುದನ್ನು ಮಾತ್ರ ಕಿವಿಯಿಂದ ತಿಳಿಯಬೇಕು, ಒಮ್ಮೊಮ್ಮೆ ತಪ್ಪುತ್ತದೆ. ಖಾಸಿಂಬಿಯ ಮೊಬೈಲು ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಮಲಗಿರುತ್ತದೆ, ಊಟದ ಹೊತ್ತಿಗೆ ಎದ್ದು ತುತ್ತು ಕೇಳುತ್ತದೆ.

ಒಮ್ಮೊಮ್ಮೆ ಊಟಕ್ಕೆ ಕೂತ ಪ್ರಯಾಣಿಕರ ಕಿಸೆಯಲ್ಲಿ ಮೊಬೈಲು ತಾನಾಗಿ ಹೊತ್ತಿಕೊಂಡು, ಒಳಗಿಂದ ಒಂದು ಸೀನು ಕೇಳಿಸುತ್ತದೆ. ಹಳೆಯದು, ಅವಳ ಗಟ್ಟಿ ದಿನಗಳದು, ಕಿಂಡಿಯಲ್ಲಿ ಕೆಂಡ ಬರುತ್ತಿದ್ದ ಕಾಲದ್ದು. ದುಂಡವ್ವ ಬಡಿಸುವುದನ್ನು ನಿಲ್ಲಿಸುತ್ತಾಳೆ. ಸೌಟು ಕೈಯಲ್ಲೇ ಇರುತ್ತದೆ. ಯಾರಿಗೂ ಕೇಳಿಸದ ಹಾಗೆ, ಆ ಕಿಸೆಯ ಕಡೆಗೆ ಬಾಗಿ, "ನೂರು ವರ್ಷ" ಅನ್ನುತ್ತಾಳೆ. ಆಮೇಲೆ ಸಾರು ಬಡಿಸುತ್ತಾಳೆ.

ಕತೆ ಕಿಂಡಿಯಾಚೆ ಹೋಯಿತು, ಕೇಳಿದವರು ಈಚೆ ಉಳಿದರು. ದುಂಡವ್ವನ ಹತ್ತಿರ ಈಗ ಏನೇನಿದೆ? ಹೊತ್ತುವ ಒಂದು ಒಲೆ ಇದೆ. ತಾನೇ ಬರೆದು ತಾನೇ ಓದಿ ತೂಗುಹಾಕಿದ ಒಂದು ಹಲಗೆ ಇದೆ. ಅಂಗೈ ಅಗಲದ ಒಂದು ಕಿಂಡಿ ಇದೆ, ಕಿಂಡಿಯಾಚೆ ಒಂದು ದನಿ ಇದೆ. ಇದಕ್ಕೆಲ್ಲ ಅವಳು ತೆತ್ತದ್ದು ಅರ್ಧ ರಾಜ್ಯ, ಮತ್ತು ಒಂದು ಸೀನು. ರಾಜ್ಯದ ನೆನಪು ಅವಳಿಗೆ ಬರುವುದಿಲ್ಲ.